ರೈಲಿಳಿದ ಮೇಲಿನ ಮೊದಲ ಗಂಟೆ

ಬೆಳಗಿನ ಜಾವ ಮೆಜೆಸ್ಟಿಕ್‌ನ ಸಿಟಿ ರೈಲ್ವೆ ನಿಲ್ದಾಣಕ್ಕೆ ರಾತ್ರಿ ಗಾಡಿಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಇಳಿದವರಿಗೆಲ್ಲ ಅವಸರ. ಆಟೋ ಹಿಡಿಯಬೇಕು, ಮೆಟ್ರೋ ಹತ್ತಬೇಕು. ಆ ನೂಕುನುಗ್ಗಲಿನಲ್ಲಿ ಕೆಲವರು ಮಾತ್ರ ಇಳಿದ ಜಾಗದಲ್ಲೇ ನಿಂತುಬಿಡುತ್ತಾರೆ. ಹನ್ನೆರಡು ಹದಿಮೂರರ ಒಬ್ಬ ಹುಡುಗ, ಕೈಯಲ್ಲಿ ಚೀಲವಿಲ್ಲ, ಬೋರ್ಡು ಓದಲು ಬರುವುದಿಲ್ಲ, ಯಾವ ಬಾಗಿಲಿನಿಂದ ಹೊರಗೆ ಹೋಗಬೇಕೆಂದು ಗೊತ್ತಿಲ್ಲ. ಇನ್ನೊಂದು ಕಡೆ ಐದಾರು ಹುಡುಗರ ಗುಂಪು. ಎಲ್ಲರ ಮೈಮೇಲೂ ಒಂದೇ ಥರದ ಹೊಸ ಅಂಗಿ, ಎಲ್ಲರ ಟಿಕೆಟ್ಟೂ ಮುಂದೆ ನಡೆಯುತ್ತಿರುವ ಒಬ್ಬನ ಜೇಬಿನಲ್ಲಿ.

ಇಂಥವರನ್ನು ನಿಲ್ದಾಣದಲ್ಲಿ ಹುಡುಕುವವರು ಎರಡು ಬಗೆಯ ಜನ. ಒಬ್ಬ ದಲ್ಲಾಳಿ. ಇನ್ನೊಬ್ಬರು ಮಕ್ಕಳ ಸಹಾಯ ಕೇಂದ್ರದ ಕಾರ್ಯಕರ್ತರು ಮತ್ತು ರೈಲ್ವೆ ರಕ್ಷಣಾ ಪಡೆಯ ಸಿಬ್ಬಂದಿ. ಇಬ್ಬರೂ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ತಿಂಡಿ ಆಯ್ತಾ? ಎಲ್ಲಿಗೆ ಹೋಗ್ಬೇಕು?’ ಆ ಪ್ರಶ್ನೆಯನ್ನು ಯಾರು ಮೊದಲು ಕೇಳುತ್ತಾರೆ ಎಂಬುದರ ಮೇಲೆ ಆ ಹುಡುಗನ ಮುಂದಿನ ಹತ್ತು ವರ್ಷ ನಿಂತಿರುತ್ತದೆ.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ. 1980ರಲ್ಲಿ ಡಾನ್ ಬಾಸ್ಕೊ ಪಂಥದ ಕೆಲವು ಯುವಕರು ಬೀದಿ ಮಕ್ಕಳ ಜೊತೆ ಕೂತು ಮಾತಾಡಲು ಆರಂಭಿಸಿದ್ದು ಮುಂದೆ ‘ಬೆಂಗಳೂರು ಓಣಿಯವರ ಸೇವಾ ಕೂಟ’ವಾಯಿತು. ಜನ ಅದನ್ನು ಬಾಸ್ಕೊ ಎಂದೇ ಕರೆಯುತ್ತಾರೆ. ಅದರ ‘ಬಾಸ್ಕೊ ಮನೆ’ ಇರುವುದು ನಿಲ್ದಾಣಕ್ಕೆ ಹತ್ತಿರದ ಚಾಮರಾಜಪೇಟೆಯಲ್ಲಿ, ಮಕ್ಕಳ ಕೂಟದ ಬಳಿ. 1981ರಲ್ಲಿ ಇದೇ ಕ್ಷೇತ್ರದ ಇನ್ನೊಂದು ಸಂಸ್ಥೆ ‘ಅಪ್ಸಾ’ ಹುಟ್ಟಿತು. ಅದೇ ಕಾಲದಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ, ಮೇಜು ಒರೆಸುತ್ತಿದ್ದ ಹುಡುಗರ ನಡುವೆ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಕೆಲಸಕ್ಕಿಳಿಯಿತು. ಅವರಲ್ಲಿ ಎಷ್ಟೋ ಮಂದಿ ಕರಾವಳಿಯ ಹಳ್ಳಿಗಳಿಂದ ಬಸ್ಸು ಹತ್ತಿ ಬಂದವರು. ದುಡಿಯುವ ಮಕ್ಕಳೇ ಸೇರಿ 1990ರಲ್ಲಿ ‘ಭೀಮ ಸಂಘ’ ಕಟ್ಟಿಕೊಂಡರು. ರಾಯಚೂರಿನಲ್ಲಿ 1992ರಲ್ಲಿ ಶುರುವಾದ ‘ಸಾಥಿ’ ಸಂಸ್ಥೆ ರೈಲ್ವೆ ಪ್ಲಾಟ್‌ಫಾರಂ ಅನ್ನೇ ತನ್ನ ಮುಖ್ಯ ಕಾರ್ಯಕ್ಷೇತ್ರ ಮಾಡಿಕೊಂಡಿತು. ಮನೆ ಬಿಟ್ಟು ಓಡಿಬಂದ ಮಗುವನ್ನು ಆದಷ್ಟು ಬೇಗ ಮಾತಾಡಿಸಿ, ತಂದೆತಾಯಿಯನ್ನು ಪತ್ತೆ ಮಾಡಿ ಕರೆಸುವುದು ಅದರ ದಾರಿ. ನಿಲ್ದಾಣದಲ್ಲಿ ದಿನಗಳೆದಷ್ಟೂ ಮಗು ಮನೆಯಿಂದ ದೂರವಾಗುತ್ತಾ ಹೋಗುತ್ತದೆ ಎಂಬುದನ್ನು ಈ ಸಂಸ್ಥೆಗಳೆಲ್ಲ ಅನುಭವದಿಂದಲೇ ಕಂಡುಕೊಂಡವು.

ಕಳ್ಳಸಾಗಣೆ ಎಂದರೆ ಮಕ್ಕಳನ್ನು ಗೋಣಿಚೀಲದಲ್ಲಿ ತುಂಬಿ ಒಯ್ಯುವುದು ಎಂಬ ಚಿತ್ರ ಇನ್ನೂ ನಮ್ಮ ಮನಸ್ಸಿನಿಂದ ಹೋಗಿಲ್ಲ. ನಿಜದಲ್ಲಿ ದಲ್ಲಾಳಿ ಬಹುಪಾಲು ಪರಿಚಿತನೇ. ಪಕ್ಕದ ಊರಿನವನು, ದೂರದ ನೆಂಟ, ಹೋದ ವರ್ಷ ಇದೇ ಕೆಲಸಕ್ಕೆ ಬಂದು ಈ ವರ್ಷ ಮೇಸ್ತ್ರಿಯಾದವನು. ಮನೆಯವರ ಕೈಗೆ ಒಂದಿಷ್ಟು ಮುಂಗಡ ಕೊಡುತ್ತಾನೆ. ರೈಲಿನಲ್ಲಿ ಊಟ ಕೊಡಿಸುತ್ತಾನೆ. ಯಾರಾದರೂ ಕೇಳಿದರೆ ‘ಇವರು ನಮ್ಮ ಮಾಮ’ ಎನ್ನಬೇಕೆಂದು ಹುಡುಗರಿಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿರುತ್ತಾನೆ. ಹೀಗಾಗಿ ನುರಿತ ಕಾರ್ಯಕರ್ತರು ‘ಇವನು ಯಾರು?’ ಎಂದು ಕೇಳುವುದೇ ಇಲ್ಲ. ಹುಡುಗರನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ, ‘ಮಾಮನ ಮನೆ ನಿಮ್ಮ ಮನೆಯಿಂದ ಎಷ್ಟು ದೂರ? ಅತ್ತೆ ಹೆಸರೇನು? ಮಾಮನಿಗೆ ಎಷ್ಟು ಜನ ಮಕ್ಕಳು?’ ಎಂದು ಸಲೀಸಾಗಿ ಮಾತಿಗೆಳೆಯುತ್ತಾರೆ. ಎರಡನೆಯ ಪ್ರಶ್ನೆಗೇ ಉತ್ತರ ತಡವರಿಸುತ್ತದೆ. ಐವರು ಹುಡುಗರು ಐದು ಅತ್ತೆಯರ ಹೆಸರು ಹೇಳಿದರೆ ಮುಂದಿನದನ್ನು ಪೊಲೀಸರು ನೋಡಿಕೊಳ್ಳುತ್ತಾರೆ.

‘ಅವನೇ ಒಪ್ಪಿ ಬಂದಿದ್ದಾನೆ ಸಾರ್’ ಎಂಬುದು ದಲ್ಲಾಳಿಯ ಕೊನೆಯ ಅಸ್ತ್ರ. ಕಾನೂನು ಅದನ್ನು ಒಪ್ಪುವುದಿಲ್ಲ. 2013ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ ದಂಡಸಂಹಿತೆಯ 370ನೇ ಕಲಮನ್ನು ಹೊಸದಾಗಿ ಬರೆಯಲಾಯಿತು. ಮೋಸ, ಬೆದರಿಕೆ, ಆಮಿಷ, ಅಧಿಕಾರದ ದುರುಪಯೋಗ, ಇವುಗಳಲ್ಲಿ ಯಾವುದರಿಂದಲೇ ಆಗಲಿ ಒಬ್ಬರನ್ನು ಶೋಷಣೆಗಾಗಿ ಸಾಗಿಸಿದರೆ ಅದು ಕಳ್ಳಸಾಗಣೆ. ಸಂತ್ರಸ್ತರ ಒಪ್ಪಿಗೆ ಇತ್ತೇ ಇಲ್ಲವೇ ಎಂಬುದು ಗಣನೆಗೆ ಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 143ನೇ ಕಲಮು. ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಸಾಗಿಸಿದವನಿಗೆ ಕನಿಷ್ಠ 14 ವರ್ಷ ಶಿಕ್ಷೆ, ಗರಿಷ್ಠ ಜೀವಾವಧಿ. ಇದಕ್ಕೆಲ್ಲ ಬೇರು ಸಂವಿಧಾನದ 23ನೇ ವಿಧಿಯಲ್ಲೇ ಇದೆ. ಮನುಷ್ಯರ ಮಾರಾಟ ಮತ್ತು ಬಿಟ್ಟಿ ದುಡಿಮೆಯನ್ನು ಅದು ನಿಷೇಧಿಸುತ್ತದೆ.

ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಬೆಂಗಳೂರಿನಲ್ಲಿ ಆ ದಾರಿ ಸಾಮಾನ್ಯವಾಗಿ ಹೊಸೂರು ರಸ್ತೆಯ ಬಾಲಮಂದಿರದ ಕಡೆಗೆ ಹೋಗುತ್ತದೆ. ಕಾಗದದ ಮೇಲೆ ಇದು ಸರಳ. ಆದರೆ ಮಗು ಮಾತಾಡುವುದು ಮೈಥಿಲಿಯೋ ಸಂತಾಲಿಯೋ ಆಗಿದ್ದಾಗ, ಹಳ್ಳಿಯ ಹೆಸರು ಗೊತ್ತಿದ್ದು ಜಿಲ್ಲೆಯ ಹೆಸರು ಗೊತ್ತಿಲ್ಲದಿದ್ದಾಗ, ವಯಸ್ಸಿನ ದಾಖಲೆ ಯಾವುದೂ ಇಲ್ಲದಿದ್ದಾಗ, ಸಮಿತಿಯವರು ಮತ್ತು ಸಂಸ್ಥೆಯವರು ಫೋನು ಹಿಡಿದು ಒಂದೊಂದೇ ಠಾಣೆ, ಒಂದೊಂದೇ ಪಂಚಾಯತಿಗೆ ಕರೆ ಮಾಡುತ್ತಾ ಕೂರಬೇಕಾಗುತ್ತದೆ. ದಾಳಿಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಈ ಫೋನು ಕರೆಗಳ ಫೋಟೊ ಎಲ್ಲೂ ಬರುವುದಿಲ್ಲ. ಮಕ್ಕಳು ಮನೆ ಸೇರುವುದು ಮಾತ್ರ ಇವುಗಳಿಂದಲೇ.

ಇನ್ನೂ ಕಷ್ಟದ ಸಂಗತಿ ಇನ್ನೊಂದಿದೆ. ಎಲ್ಲ ಮಕ್ಕಳಿಗೂ ಮನೆಗೆ ಹೋಗುವ ಆಸೆ ಇರುವುದಿಲ್ಲ. ಕುಡಿದು ಬಂದು ಬಡಿಯುವ ಅಪ್ಪನಿಂದ, ಬಾಲ್ಯವಿವಾಹದಿಂದ, ತೀರಿಸಲಾಗದ ಸಾಲದಿಂದ ತಪ್ಪಿಸಿಕೊಂಡು ಬಂದ ಮಗುವನ್ನು ಅದೇ ಬಾಗಿಲಿಗೆ ಬಿಟ್ಟು ಬಂದರೆ, ಅದು ಮತ್ತೆ ರೈಲು ಹತ್ತುತ್ತದೆ. ಮನೆಯವರನ್ನು ಕೂರಿಸಿಕೊಂಡು ಮಾತಾಡದೆ, ಹೋದ ಮೇಲೆ ಒಂದೆರಡು ಸಲವಾದರೂ ವಿಚಾರಿಸದೆ ಮಗುವನ್ನು ‘ಹಸ್ತಾಂತರಿಸಿದೆವು’ ಎಂದು ಕಡತ ಮುಚ್ಚುವುದು ಅರ್ಧ ಕೆಲಸ.

ಹಳೇ ಬೆಂಗಳೂರಿಗೆ ನಿರಾಶ್ರಿತರ ಸಂಕಟ ಹೊಸದೇನಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಈ ಊರಿಗೆ ಬಂದದ್ದೇ ರೈಲಿನಲ್ಲಿ, ಹುಬ್ಬಳ್ಳಿ ಕಡೆಯಿಂದ. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಇಲಿ ಬಿದ್ದ ಸುದ್ದಿ ಹಬ್ಬುತ್ತಿದ್ದಂತೆ ಸಾವಿರಾರು ಕುಟುಂಬಗಳು ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡವು. ಚಾಮರಾಜಪೇಟೆ ಅಷ್ಟರಲ್ಲಿ, 1892ರಲ್ಲೇ, ರೂಪುಗೊಂಡಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ತಲೆ ಎತ್ತಿದ್ದು ಪ್ಲೇಗಿನಿಂದ ನೆಲೆ ತಪ್ಪಿದವರಿಗೆ ಗಾಳಿ ಬೆಳಕಿನ ಜಾಗ ಬೇಕೆಂಬ ಕಾರಣಕ್ಕೆ. ಇಂದು ಅಗಲ ರಸ್ತೆ, ಸಾಲುಮರ, ಹಳೇ ಹೆಂಚಿನ ಮನೆಗಳೆಂದು ನಾವು ಹೆಮ್ಮೆಪಡುವ ಈ ಬಡಾವಣೆಗಳು ಹುಟ್ಟಿನಿಂದಲೇ ಸ್ಥಳಾಂತರಗೊಂಡವರ ಊರುಗಳು. ಆಸರೆ ಕೊಡುವ ಸಂಸ್ಥೆಗಳೂ ಇಲ್ಲಿ ಬೇಗ ಬೇರೂರಿದವು. ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಬಸವನಗುಡಿಯಲ್ಲಿ ಅಬಲಾಶ್ರಮ ನೆಲೆಯಾಯಿತು. ಬಾಲವಿಧವೆಯಾಗಿದ್ದೂ ‘ಸರಸ್ವತಿ’ ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮ 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಸ್ಥಾಪಿಸಿದರು. ಆ ತಲೆಮಾರಿನವರು ಸರ್ಕಾರದ ಆದೇಶಕ್ಕೆ ಕಾಯದೆ ಮುಂದೆ ಬಂದರೆಂಬುದನ್ನು ಇಲ್ಲಿ ನೆನೆಯಲೇಬೇಕು.

ಮಕ್ಕಳ ವಿಷಯದಲ್ಲಿ ಸಮಾಜ ತಕ್ಷಣ ಮರುಗುತ್ತದೆ. ಗಟ್ಟಿಮುಟ್ಟಾದ ಗಂಡಾಳು ಜೀತದಲ್ಲಿದ್ದಾನೆಂದರೆ ನಂಬುವುದು ಕಷ್ಟ. ‘ಓಡಿಹೋಗಬಹುದಿತ್ತಲ್ಲ’ ಎನ್ನುತ್ತಾರೆ. 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸಂಕೋಲೆ ಬಿಗಿಸಿಕೊಂಡು ಕಲ್ಲು ಒಡೆಯುತ್ತಿದ್ದ ಕಾರ್ಮಿಕರನ್ನು ರೈತಸಂಘದವರು ಬಿಡಿಸಿದಾಗ ಇಡೀ ರಾಜ್ಯ ಬೆಚ್ಚಿತ್ತು. ಆದರೆ ಕಣ್ಣಿಗೆ ಕಾಣುವ ಸಂಕೋಲೆ ಅಪರೂಪ. ಇಟ್ಟಿಗೆ ಗೂಡುಗಳಲ್ಲಿ ಮುಂಗಡವೇ ಸಂಕೋಲೆ. ಒಡಿಶಾದಿಂದಲೋ ನಮ್ಮದೇ ಉತ್ತರ ಕರ್ನಾಟಕದಿಂದಲೋ ಬರುವ ಕುಟುಂಬ ಇಷ್ಟು ಸಾವಿರ ಇಟ್ಟಿಗೆ ಕೊಯ್ಯುತ್ತೇವೆಂದು ಮೊದಲೇ ಹಣ ಪಡೆದಿರುತ್ತದೆ. ಮಳೆ ಬಂದು ಹಸಿ ಇಟ್ಟಿಗೆ ಕರಗಿದರೆ ಲೆಕ್ಕಕ್ಕಿಲ್ಲ. ಮಗುವಿಗೆ ಜ್ವರ ಬಂದರೆ ಔಷಧಿಯ ದುಡ್ಡೂ ಸಾಲಕ್ಕೆ ಸೇರುತ್ತದೆ. ಲೆಕ್ಕದ ಪುಸ್ತಕ ಮಾಲೀಕನ ಬಳಿ. ಗಂಡ ಊರಿಗೆ ಹೋಗಬೇಕೆಂದರೆ ಹೆಂಡತಿ ಮಕ್ಕಳು ಗೂಡಿನಲ್ಲೇ ಇರಬೇಕು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂಥ ಸಾಲವನ್ನೇ ರದ್ದು ಮಾಡುತ್ತದೆ. ಅದು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆ ಕೂಲಿಯವನ ಮೇಲಿಲ್ಲ, ಸಾಲ ಕೊಟ್ಟವನ ಮೇಲಿದೆ. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು. ಕರ್ನಾಟಕದ ಹಳ್ಳಿಗಳಲ್ಲಿ ಈ ಕಾನೂನನ್ನು ಜೀತದಾಳುಗಳ ಕೈಗೇ ಕೊಟ್ಟವರಲ್ಲಿ ಕಿರಣ್ ಕಮಲ್ ಪ್ರಸಾದ್ ಮತ್ತು ಅವರ ‘ಜೀವಿಕ’ (ಜೀತ ವಿಮುಕ್ತಿ ಕರ್ನಾಟಕ) ಪ್ರಮುಖರು. ಜೀತದಲ್ಲಿದ್ದವರೇ ಸಂಘ ಕಟ್ಟಿ, ತಹಸೀಲ್ದಾರರ ಕಚೇರಿಗೆ ಅರ್ಜಿ ಹಾಕುವಂತೆ ಅವರು ಬೆನ್ನಿಗೆ ನಿಂತರು.

ಇಲ್ಲಿ ಎಲ್ಲವೂ ನಿಂತಿರುವುದು ಒಂದು ಕಾಗದದ ಮೇಲೆ. ಅದರ ಹೆಸರು ಬಿಡುಗಡೆ ಪತ್ರ. ಉಪವಿಭಾಗಾಧಿಕಾರಿಯಂಥ ಅಧಿಕಾರಿ ವಿಚಾರಣೆ ನಡೆಸಿ, ಈ ವ್ಯಕ್ತಿ ಜೀತದಲ್ಲಿದ್ದ, ಈಗ ಬಿಡುಗಡೆಯಾಗಿದ್ದಾನೆ, ಅವನ ಸಾಲ ರದ್ದಾಗಿದೆ ಎಂದು ಬರೆದುಕೊಡುವ ಪತ್ರ. ಅದಿಲ್ಲದಿದ್ದರೆ ಕೂಲಿಯವನು ‘ಸಾಲ ತೀರಿಸದೆ ಓಡಿಹೋದವನು’. ಅದಿದ್ದರೆ ಅವನು ಸರ್ಕಾರದ ನೆರವಿಗೆ ಹಕ್ಕುದಾರ. 2016ರ ಕೇಂದ್ರ ಯೋಜನೆಯ ಪ್ರಕಾರ ಗಂಡಸಿಗೆ 1 ಲಕ್ಷ ರೂಪಾಯಿ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ ಹಾಗೂ ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ತಕ್ಷಣ ಸಿಗುವುದು ಮೊದಲು 20 ಸಾವಿರವಿತ್ತು, 2022ರ ನಂತರ 30 ಸಾವಿರ. ದೊಡ್ಡ ಮೊತ್ತವನ್ನು ಯೋಜನೆ ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿತು. ಸಾವಿರ ಮೈಲಿ ದೂರದ ಊರಿಗೆ ಮರಳಿದ ಕೂಲಿಯವನು ಸಾಕ್ಷಿ ಹೇಳಲು ಮತ್ತೆ ಮತ್ತೆ ಬರಬೇಕು, ಆರೋಪಿಗೆ ಶಿಕ್ಷೆಯಾಗಬೇಕು, ಆಮೇಲೆ ದುಡ್ಡು. ಅಷ್ಟರಲ್ಲಿ ಮುಂದಿನ ಬೇಸಿಗೆ ಬಂದಿರುತ್ತದೆ, ಮೇಸ್ತ್ರಿ ಹೊಸ ಮುಂಗಡ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಬಿಡಿಸಿಕೊಂಡು ಬಂದವರು ಮತ್ತೆ ಗೂಡಿಗೆ ಬೀಳುವುದಕ್ಕೆ ಈ ಷರತ್ತೇ ಒಂದು ಕಾರಣ. ಇದನ್ನು ತೆಗೆದುಹಾಕಬೇಕು.

ನ್ಯಾಯಾಲಯ ಮನಸ್ಸು ಮಾಡಿದರೆ, ಪೊಲೀಸರು ಪಟ್ಟು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2021ರ ಮೇ ತಿಂಗಳಲ್ಲಿ ಒಬ್ಬ ಯುವತಿಯ ಮೇಲೆ ನಡೆದ ಅಮಾನುಷ ಹಿಂಸೆಯ ವಿಡಿಯೊ ಈಶಾನ್ಯ ರಾಜ್ಯಗಳಲ್ಲೂ ಬಾಂಗ್ಲಾದೇಶದಲ್ಲೂ ಹರಿದಾಡಿತು. ಜಾಡು ಹಿಡಿದು ನೋಡಿದರೆ ಕೃತ್ಯ ನಡೆದದ್ದು ರಾಮಮೂರ್ತಿನಗರದಲ್ಲಿ. ಆಕೆಯನ್ನು ಬಾಂಗ್ಲಾದೇಶದಿಂದ ಕೆಲಸದ ಆಮಿಷ ತೋರಿಸಿ ಗಡಿ ದಾಟಿಸಿ ತರಲಾಗಿತ್ತು. ಪೊಲೀಸರು ಆಕೆಯನ್ನು ಕೋಯಿಕ್ಕೋಡಿನಲ್ಲಿ ಪತ್ತೆ ಮಾಡಿ ಕರೆತಂದರು. ಕೆಲವೇ ವಾರಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. 2022ರ ಮೇ 20ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಹನ್ನೊಂದು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಏಳು ಮಂದಿಗೆ ಜೀವಾವಧಿ. ದಾಖಲೆಯಿಲ್ಲದೆ ಗಡಿ ದಾಟಿದ್ದ ಆ ಹೆಣ್ಣುಮಗಳನ್ನು ಅಪರಾಧಿಯಂತೆ ಕಾಣದೆ ಸಂತ್ರಸ್ತೆಯಾಗಿ, ಸಾಕ್ಷಿಯಾಗಿ ಕಾಪಾಡಿದ್ದರಿಂದಲೇ ಇದು ಸಾಧ್ಯವಾದದ್ದು.

ಹಾಗೆ ಕಾಣುವುದು ನಮ್ಮಲ್ಲಿ ರೂಢಿಯಲ್ಲ. ಅದೇ ನಗರದಲ್ಲಿ, 2020ರ ಜನವರಿಯಲ್ಲಿ, ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಜೋಪಡಿಗಳನ್ನು ‘ಬಾಂಗ್ಲಾದೇಶಿಗಳು’ ಎಂಬ ಗುಲ್ಲಿನ ಮೇಲೆ ನೆಲಸಮ ಮಾಡಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿನ ಮೊರೆ ಹೋಯಿತು. ತೆರವು ಕಾನೂನುಬಾಹಿರ ಎಂದ ನ್ಯಾಯಾಲಯ ಸಂತ್ರಸ್ತರ ಪುನರ್ವಸತಿಗೆ ಸೂಚಿಸಿತು. ಗುಡಿಸಲು ಕಳೆದುಕೊಂಡವರು, ಪೊಲೀಸರನ್ನು ಕಂಡರೆ ಹೆದರುವವರು, ಗುರುತಿನ ಚೀಟಿ ಕೇಳಿದರೆ ನಡುಗುವವರು ಎಂದೂ ದೂರು ಕೊಡುವುದಿಲ್ಲ. ದಲ್ಲಾಳಿಗೆ ಬೇಕಾದದ್ದು ಇಂಥವರೇ.

ಮೆಜೆಸ್ಟಿಕ್ ನಿಲ್ದಾಣ ಆ ಭಯವನ್ನು ಕಣ್ಣಾರೆ ಕಂಡದ್ದು 2012ರ ಸ್ವಾತಂತ್ರ್ಯ ದಿನದಂದು. ಅಸ್ಸಾಮಿನ ಹಿಂಸಾಚಾರದ ಬೆನ್ನಿಗೆ, ಈಶಾನ್ಯದವರ ಮೇಲೆ ದಾಳಿ ಆಗುತ್ತದಂತೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಸಂಜೆಯ ಹೊತ್ತಿಗೆ ಸಾವಿರಾರು ಯುವಕ ಯುವತಿಯರು ಪ್ಲಾಟ್‌ಫಾರಂ ತುಂಬಿದ್ದರು. ಸೆಕ್ಯುರಿಟಿ ಕೆಲಸದವರು, ಬ್ಯೂಟಿ ಪಾರ್ಲರಿನವರು, ಹೋಟೆಲಿನವರು, ವಿದ್ಯಾರ್ಥಿಗಳು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಗೃಹ ಸಚಿವ ಆರ್. ಅಶೋಕ ನಿಲ್ದಾಣಕ್ಕೇ ಬಂದು ‘ಹೋಗಬೇಡಿ’ ಎಂದು ಕೇಳಿಕೊಂಡರು. ಎರಡು ದಿನದ ನಂತರ ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗೆ ಮಿತಿ ಹೇರಿತು. ಅಷ್ಟರಲ್ಲಿ ದೊಡ್ಡ ಸಂಖ್ಯೆಯ ಜನ ಊರು ಬಿಟ್ಟಾಗಿತ್ತು. ಎಂಟು ವರ್ಷದ ನಂತರ ಇದಕ್ಕೆ ತಿರುಗುಮುರುಗಾದದ್ದು ನಡೆಯಿತು. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನಲ್ಲಿ ಸಿಲುಕಿದ ಕಾರ್ಮಿಕರು ಊರಿಗೆ ಹೋಗುತ್ತೇವೆಂದರೆ, ಬಿಲ್ಡರುಗಳ ಜೊತೆ ಸಭೆ ನಡೆದ ಬೆನ್ನಲ್ಲೇ ರಾಜ್ಯ ಸರ್ಕಾರ ಶ್ರಮಿಕ ರೈಲುಗಳನ್ನು ಬೇಡವೆಂದಿತು. ತೀವ್ರ ಟೀಕೆ ಬಂದ ಮೇಲೆ ಒಂದೆರಡು ದಿನದಲ್ಲೇ ನಿರ್ಧಾರ ಹಿಂದಕ್ಕೆ ಪಡೆಯಬೇಕಾಯಿತು. ಕೆಲಸಗಾರ ಇರಬೇಕೆಂದಾಗ ಇರಬೇಕು, ಬೇಡವೆಂದಾಗ ಹೋಗಬೇಕು ಎಂಬ ಧೋರಣೆಯೇ ಎಲ್ಲ ಜೀತದ ತಾಯಿಬೇರು.

ಮೈಸೂರಿನ ‘ಒಡನಾಡಿ’ಯನ್ನು ಹೆಸರಿಸದೆ ಕರ್ನಾಟಕದಲ್ಲಿ ಈ ವಿಷಯ ಪೂರ್ತಿಯಾಗದು. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ಈ ಸಂಸ್ಥೆ ಲೈಂಗಿಕ ಶೋಷಣೆಯ ಜಾಲಗಳಿಂದ ಹೆಣ್ಣುಮಕ್ಕಳನ್ನು ಬಿಡಿಸಿ, ಓದಿಸಿ, ಕೆಲಸ ಕಲಿಸಿ, ಮದುವೆ ಮಾಡಿಸಿ, ಅವರ ಮಕ್ಕಳನ್ನೂ ನೋಡಿಕೊಳ್ಳುವವರೆಗೆ ಜೊತೆ ನಿಲ್ಲುತ್ತಾ ಬಂದಿದೆ. 2022ರಲ್ಲಿ ಚಿತ್ರದುರ್ಗದ ಮಠವೊಂದರ ಹಾಸ್ಟೆಲಿನ ಬಾಲಕಿಯರು ತಮ್ಮ ದೂರು ಹೇಳಿಕೊಳ್ಳಲು ಹುಡುಕಿಕೊಂಡು ಹೋದದ್ದೂ ಈ ಬಾಗಿಲಿಗೇ.

ಇದೆಲ್ಲ ಬಡವರ, ಓದದವರ ಪಾಡು ಎಂದು ಮಲ್ಲೇಶ್ವರದ ಮಧ್ಯಮವರ್ಗದ ಮನೆ ನಿಶ್ಚಿಂತೆಯಿಂದ ಇರುವ ಕಾಲ ಹೋಯಿತು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ ಎಂಬ ಜಾಹೀರಾತು ನಂಬಿ ಹೋದ ಪದವೀಧರರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು 2022ರಿಂದ ಬೆಳಕಿಗೆ ಬಂದವು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಅಲ್ಲಿಂದ ಕರೆತರಲಾಯಿತು. ಪಾಸ್‌ಪೋರ್ಟು ಕಿತ್ತುಕೊಳ್ಳುವುದು, ‘ನಿನ್ನನ್ನು ಕರೆತರಲು ಖರ್ಚಾದ ಹಣ ಕಟ್ಟಿ ಹೋಗು’ ಎನ್ನುವುದು, ಹೊಡೆಯುವುದು. ಇಟ್ಟಿಗೆ ಗೂಡಿನ ವಿದ್ಯೆಯೇ ಇಲ್ಲಿ ಏರ್‌ಕಂಡೀಶನ್ಡ್ ಕೋಣೆಗೆ ಬಂದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು.

ಸಿಟಿ ನಿಲ್ದಾಣದ ಚಿತ್ರವೂ ಬದಲಾಗಿದೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಆರಂಭವಾದ ಮೇಲೆ ಪಟ್ನಾ, ಗುವಾಹಟಿ ಕಡೆಯ ಗಾಡಿಗಳು ಅಲ್ಲಿಂದ ಓಡುತ್ತಿವೆ. ಕಾವಲು ಕಣ್ಣುಗಳೂ ಅಲ್ಲಿಗೆ ಹೋಗಬೇಕು. 1996ರಲ್ಲಿ ಮುಂಬೈನಲ್ಲಿ ಶುರುವಾದ 1098 ಮಕ್ಕಳ ಸಹಾಯವಾಣಿಯನ್ನು ದಶಕಗಳ ಕಾಲ ಸ್ವಯಂಸೇವಾ ಸಂಸ್ಥೆಗಳು ನಡೆಸಿದವು. 2023ರಿಂದ ಅದರ ಹೊಣೆ ರಾಜ್ಯ ಸರ್ಕಾರಗಳಿಗೆ ಹೋಗಿ, 112ರ ತುರ್ತು ಸೇವೆಗೆ ಜೋಡಣೆಯಾಗಿದೆ. ಸರ್ಕಾರ ಹೊಣೆ ಹೊತ್ತದ್ದು ಸರಿಯೇ. ಆದರೆ ರಾತ್ರಿ ಎರಡು ಗಂಟೆಗೆ ಪ್ಲಾಟ್‌ಫಾರಂಗೆ ಓಡಿಹೋಗಿ ಮಗುವಿನ ಪಕ್ಕ ನೆಲದ ಮೇಲೆ ಕೂರುವ ಅನುಭವಸ್ಥರನ್ನು ಆ ವ್ಯವಸ್ಥೆ ಕಳೆದುಕೊಳ್ಳಬಾರದು.

ಓದುಗರು ಮಾಡಬಹುದಾದದ್ದು ತಮ್ಮ ಮನೆಯಿಂದಲೇ ಶುರುವಾಗುತ್ತದೆ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, ಅದು 2004ರಲ್ಲಿ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ನಿಷಿದ್ಧ. ಏಜೆನ್ಸಿಯ ಮೂಲಕ ಹುಡುಗಿಯೊಬ್ಬಳು ಕೆಲಸಕ್ಕೆ ಬಂದರೆ ವಯಸ್ಸಿನ ದಾಖಲೆ ನೋಡಿ. ಸಂಬಳವನ್ನು ಏಜೆಂಟನ ಕೈಗೆ ಕೊಡದೆ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿ. ಅವಳ ಆಧಾರ್ ಕಾರ್ಡು ಅವಳ ಬಳಿಯೇ ಇದೆಯೇ, ಮನೆಯವರ ಜೊತೆ ಫೋನಿನಲ್ಲಿ ಮಾತಾಡುತ್ತಾಳೆಯೇ ವಿಚಾರಿಸಿ. ಪಕ್ಕದ ಮನೆಯಲ್ಲಿ ಹೊರಗೇ ಬಾರದ ಹುಡುಗಿಯೋ, ಬೀದಿ ಕೊನೆಯ ಬ್ಯಾಗು ಹೊಲಿಯುವ ಕೋಣೆಯಲ್ಲಿ ಹಗಲೂರಾತ್ರಿ ದುಡಿಯುವ ಮಕ್ಕಳೋ ಕಂಡರೆ ನೀವೇ ನುಗ್ಗಿ ಬಿಡಿಸಲು ಹೋಗಬೇಡಿ. ದಲ್ಲಾಳಿ ಅವರನ್ನು ಒಂದೇ ರಾತ್ರಿಯಲ್ಲಿ ಬೇರೆಡೆಗೆ ಸಾಗಿಸಿಬಿಡುತ್ತಾನೆ. 1098 ಅಥವಾ 112ಕ್ಕೆ ಕರೆ ಮಾಡಿ, ವಿಳಾಸ, ಹತ್ತಿರದ ಗುರುತು, ನೋಡಿದ ಹೊತ್ತು, ಎಷ್ಟು ಜನ ಎಂಬುದನ್ನು ಹೇಳಿ. ಉಚಿತ ಕಾನೂನು ನೆರವಿಗೆ 15100 ಇದೆ. ಕರೆ ಮಾಡಿ ಒಂದು ವಾರ ಕಳೆದರೂ ಏನೂ ಆಗದಿದ್ದರೆ, ಸುಮ್ಮನಾಗದೆ ಇನ್ನೊಮ್ಮೆ ಕರೆ ಮಾಡಿ.